"ನಾನು ಹುಟ್ಟಿದ ದಿನ ಚಂದ್ರ ಯಾಕೆ ಬರಲಿಲ್ಲ?" ಅಂತ ಮಗಳು ಕೇಳ್ತಾಳೆ, ಏನು ಹೇಳಲಿ?

ತಾರಸಿಮನೆ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನನ್ನ ಮಗಳು ಹುಟ್ಟಿದ್ದು 11 ಆಗಸ್ಟ್ 2018, ಶನಿವಾರ ಬೆಳಗ್ಗೆ. ಅವತ್ತು ಭೀಮನ ಅಮಾವಾಸ್ಯೆ. ಶನಿವಾರ ಬೇರೆ. ನನಗೆ ಕಟ್ಟೋಕೆ ಅಂತ ಅಮ್ಮ ಅರಿಶಿನದ ದಾರ ಆಸ್ಪತ್ರೆಗೇ ತಂದಿದ್ದರು. ಅದನ್ನು ಕಟ್ಟಿಸಿಕೊಳ್ಳುವಾಗ ಪಕ್ಕದಲ್ಲಿ ನಿಂತ ನೆಂಟರೊಬ್ಬರು, "ಒಂದು ದಿನ ತಡೆದಿದ್ದರೆ ಆಗ್ತಿತ್ತು" ಅಂದರು. ಇವತ್ತಿಗೂ ಆ ಮಾತು ಮರೆತಿಲ್ಲ.

ಶಾಂತಿ ಮಾಡಿಸಿದ್ದೇವೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಾತು ನಿಂತಿಲ್ಲ. ಮಗುವಿಗೆ ಜ್ವರ ಬಂದರೂ, ಹಠ ಮಾಡಿದರೂ, ಹಾಲು ಚೆಲ್ಲಿದರೂ "ಅಮಾವಾಸ್ಯೆ ಮಗು ಅಲ್ವಾ" ಅಂತಾರೆ. ಅವಳ ಎದುರಿಗೇ.

ಮೊನ್ನೆ ಯುಗಾದಿ ಮಾರನೇ ದಿನ ಚಂದ್ರನನ್ನು ನೋಡೋಕೆ ಎಲ್ಲರೂ ತಾರಸಿ ಹತ್ತಿದ್ದೆವು. ನೀರಿನ ಟ್ಯಾಂಕಿನ ಪಕ್ಕದಲ್ಲಿ ಉಗುರಿನ ಚೂರಿನಷ್ಟು ಸಣ್ಣ ಚಂದ್ರ, ಜೊತೆಗೇ ಒಂದು ಹೊಳೆಯುವ ಚುಕ್ಕಿ. ಎಲ್ಲರ ಕಾಲಿಗೆ ಬಿದ್ದು ಎದ್ದವಳು ನನ್ನ ಸೆರಗು ಹಿಡಿದು, "ಅಮ್ಮ, ನಾನು ಹುಟ್ಟಿದ ದಿನ ಚಂದ್ರ ಬರಲೇ ಇಲ್ವಂತೆ. ನನಗೆ ಯಾಕೆ ಬರಲಿಲ್ಲ?" ಅಂದಳು. ನನಗೆ ಮಾತೇ ಹೊರಡಲಿಲ್ಲ.

ಬರುವ ಆಗಸ್ಟ್‌ಗೆ ಅವಳಿಗೆ 8 ತುಂಬುತ್ತೆ. ಅವಳಿಗೆ ಅರ್ಥ ಆಗುವ ಹಾಗೆ ಹೇಗೆ ಹೇಳೋದು? ಹುಟ್ಟಿದ ತಿಥಿಗೂ ಮನುಷ್ಯನಿಗೂ ನಿಜವಾಗಿ ಏನಾದರೂ ನಂಟು ಇದೆಯಾ? ನಿಮ್ಮ ಮನೆಗಳಲ್ಲಿ ಹೇಗೆ ನೋಡ್ತೀರಿ?

ಕಾಫಿಪುಡಿ:
ಓದಿ ಸಂಕಟ ಆಯ್ತು ಅಕ್ಕ. ಮೊದಲು ಆ ನೆಂಟರಿಗೆ ಹೇಳಿ, ಮಗುವಿನ ಎದುರು ಆ ಮಾತು ಬೇಡ ಅಂತ. ಮಿಕ್ಕಿದ್ದು ಆಮೇಲೆ.

ಸೀಮೆಸುಣ್ಣ:
ಮೇಡಂ, ಮೊದಲು ಮಗುವಿಗೆ ಇಷ್ಟು ಹೇಳಿ: ಚಂದ್ರ ಬಂದಿದ್ದ. ಸುಳ್ಳು ಸಮಾಧಾನ ಅಲ್ಲ ಇದು, ನಿಜ. ಅಮಾವಾಸ್ಯೆ ದಿನ ಚಂದ್ರ ಸೂರ್ಯನ ಜೊತೆಗೇ ಹುಟ್ಟಿ, ಇಡೀ ಹಗಲು ಸೂರ್ಯನ ಪಕ್ಕದಲ್ಲೇ ಇದ್ದು, ಜೊತೆಗೇ ಮುಳುಗ್ತಾನೆ. ಬೆಳಕು ಬಿದ್ದಿರುವ ಮುಖ ಸೂರ್ಯನ ಕಡೆ ಇರುತ್ತೆ, ನಮ್ಮ ಕಡೆ ಇರೋದು ಕತ್ತಲೆ ಮುಖ. ಅದಕ್ಕೇ ಕಾಣಲ್ಲ. ನಿಮ್ಮ ಮಗಳು ಬೆಳಗ್ಗೆ ಹುಟ್ಟಿದಳು ಅಂದ್ರಲ್ಲ, ಆ ಹೊತ್ತಿಗೆ ಚಂದ್ರ ಆಸ್ಪತ್ರೆಯ ಮೇಲಿನ ಆಕಾಶದಲ್ಲೇ ಇದ್ದ.

ಇನ್ನೂ ಒಂದಿದೆ. ಅವತ್ತು ಭಾಗಶಃ ಸೂರ್ಯಗ್ರಹಣ ಇತ್ತು. ನಮ್ಮಲ್ಲಿ ಕಾಣಲಿಲ್ಲ. ಉತ್ತರ ಯುರೋಪಿನಲ್ಲಿ, ರಷ್ಯಾದ ಕಡೆ ಕಂಡಿತು. ಗ್ರಹಣದಲ್ಲಿ ಸೂರ್ಯನಿಗೆ ಅಡ್ಡ ಬರೋದು ಚಂದ್ರನೇ ಅಲ್ವಾ? ಅಂದರೆ ಅವಳು ಹುಟ್ಟಿದ ದಿನದ ಚಂದ್ರನನ್ನು ಅಲ್ಲಿನ ಜನ ಕಣ್ಣಾರೆ ನೋಡಿದ್ದಾರೆ, ಸೂರ್ಯನ ಮೇಲೆ ಕಪ್ಪು ಕಚ್ಚಿನ ಹಾಗೆ.

ಮನೆಯಲ್ಲೇ ಮಾಡಿ ತೋರಿಸಬಹುದು. ನಾನು ಹೈಸ್ಕೂಲಿನಲ್ಲಿ 20 ವರ್ಷ ಹೀಗೇ ತೋರಿಸಿದ್ದೇನೆ. ರಾತ್ರಿ ಕೋಣೆ ಕತ್ತಲೆ ಮಾಡಿ. ಒಂದೇ ಒಂದು ಬಲ್ಬ್ ಉರಿಯಲಿ, ಅದು ಸೂರ್ಯ. ಒಂದು ಕಿತ್ತಳೆ ಹಣ್ಣಿಗೆ ಪೆನ್ಸಿಲ್ ಚುಚ್ಚಿ ಮಗುವಿನ ಕೈಗೆ ಕೊಡಿ, ಅದು ಚಂದ್ರ. ಅವಳ ತಲೆಯೇ ಭೂಮಿ. ಕೈ ಚಾಚಿ, ಹಣ್ಣನ್ನು ತಲೆಗಿಂತ ಸ್ವಲ್ಪ ಮೇಲೆ ಹಿಡಿಯಲಿ. ಬಲ್ಬಿಗೆ ಮುಖ ಮಾಡಿ ನಿಂತರೆ ಹಣ್ಣಿನ ಕತ್ತಲೆ ಬದಿ ಮಾತ್ರ ಕಾಣುತ್ತೆ. ಅದೇ ಅಮಾವಾಸ್ಯೆ. ನಿಧಾನವಾಗಿ ಎಡಕ್ಕೆ ತಿರುಗಲಿ. ಮೊದಲು ಬಲಗಡೆ ಸಣ್ಣ ಗೆರೆಯಷ್ಟು ಬೆಳಕು, ಅದು ಬಿದಿಗೆ. ಕಾಲು ಸುತ್ತಿಗೆ ಬಲ ಅರ್ಧ ಬೆಳಗುತ್ತೆ, ಅದು ಅಷ್ಟಮಿ. ಬಲ್ಬಿಗೆ ಬೆನ್ನು ಮಾಡಿದಾಗ ಪೂರ್ತಿ ಹುಣ್ಣಿಮೆ. ಮುಕ್ಕಾಲು ಸುತ್ತಿಗೆ ಎಡ ಅರ್ಧ, ಕೃಷ್ಣ ಪಕ್ಷದ ಅಷ್ಟಮಿ. ಮತ್ತೆ ಬಲ್ಬಿನ ಕಡೆಗೆ. ಹಣ್ಣು ಒಂದು ಕ್ಷಣವೂ ಅವಳ ಕೈ ಬಿಟ್ಟು ಹೋಗಿರಲ್ಲ. ಇದನ್ನು ಬಾಯಲ್ಲಿ ಹೇಳೋದು ಬೇಡ, ಅವಳೇ ಕಂಡುಕೊಳ್ಳಲಿ.

ಹಸಿರುಬಸ್ಸು:
ಸರ್, ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣ ಆಗೋದಲ್ವಾ? ನಾನು ಇಷ್ಟು ದಿನ ಹಾಗೇ ಅಂದುಕೊಂಡಿದ್ದೆ.

ಸೀಮೆಸುಣ್ಣ:
ಅಲ್ಲ. ನೆರಳು ಬಿದ್ದರೆ ಅದು ಚಂದ್ರಗ್ರಹಣ, ಹುಣ್ಣಿಮೆಗೆ ಮಾತ್ರ ಆಗೋದು. ದಿನಾ ಕಾಣುವ ಏರಿಳಿತಕ್ಕೂ ಭೂಮಿಯ ನೆರಳಿಗೂ ಸಂಬಂಧ ಇಲ್ಲ. ಚಂದ್ರನ ಅರ್ಧಕ್ಕೆ ಯಾವಾಗಲೂ ಬಿಸಿಲಿರುತ್ತೆ, ಅದರಲ್ಲಿ ನಮಗೆ ಎಷ್ಟು ಕಾಣುತ್ತೆ ಅನ್ನೋದು ಬದಲಾಗುತ್ತೆ. ಚಂದ್ರ ಓಡಾಡುವ ದಾರಿ ಸುಮಾರು 5 ಡಿಗ್ರಿ ಓರೆ ಇದೆ. ಅದಕ್ಕೇ ಪ್ರತಿ ಹುಣ್ಣಿಮೆಗೂ ಗ್ರಹಣ ಆಗಲ್ಲ. ಹಣ್ಣನ್ನು ತಲೆಗಿಂತ ಮೇಲೆ ಹಿಡಿಯಿರಿ ಅಂದಿದ್ದು ಇದೇ ಕಾರಣಕ್ಕೆ. ನೇರ ಹಿಡಿದರೆ ಹುಣ್ಣಿಮೆ ಹೊತ್ತಿಗೆ ತಲೆಯ ನೆರಳು ಬಿದ್ದು ಗ್ರಹಣವೇ ಆಗಿಬಿಡುತ್ತೆ.

ತಾರಸಿಮನೆ:
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಗ್ರಹಣದ ವಿಷಯ ಮನೆಯಲ್ಲಿ ಹೇಳೋಕೆ ಸ್ವಲ್ಪ ಭಯ ಆಗ್ತಿದೆ. ಅದಕ್ಕೂ ಒಂದು ಶಾಂತಿ ಅಂತ ಹೊರಡ್ತಾರೆ. ಮಗಳಿಗೆ ಮಾತ್ರ ಖಂಡಿತ ಹೇಳ್ತೀನಿ.

ನೇರಮಾತು:
ಶಾಂತಿ ಮಾಡಿಸಿದ್ದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಒಮ್ಮೆ ಶಾಂತಿ ಅಂತ ಕೂತರೆ ದೋಷ ಇದೆ ಅಂತ ನೀವೇ ಒಪ್ಪಿಕೊಂಡ ಹಾಗೆ. ಆಮೇಲೆ ಬಾಯಿ ಮುಚ್ಚಿಸೋದು ಹೇಗೆ? ಆ ದಿನ ಹುಟ್ಟಿದ ಮಕ್ಕಳೆಲ್ಲ ಏನು ಪಾಪ ಮಾಡಿದ್ದರು?

ಗಂಟೆಪಂಚಾಂಗ:
ನೇರಮಾತು ಅವರೇ, ಅಷ್ಟು ಬಿರುಸು ಬೇಡ. ಬಾಣಂತಿ ಮನೆಯಲ್ಲಿ ಹಿರಿಯರ ಮನಸ್ಸಿಗೆ ನೆಮ್ಮದಿ ಸಿಗಲಿ ಅಂತ ಮಾಡಿಸಿರ್ತಾರೆ. ಅದು ತಪ್ಪಲ್ಲ. ಆದರೆ ಶಾಂತಿ ಆದ ಮೇಲೂ ಮಗುವನ್ನು ಆಡಿಕೊಳ್ಳೋದು ಶಾಸ್ತ್ರವೂ ಅಲ್ಲ, ಸಂಪ್ರದಾಯವೂ ಅಲ್ಲ. ಶಾಂತಿ ಆಯ್ತು ಅಂದರೆ ಮುಗೀತು.

ಅಕ್ಕ, ನಿಮ್ಮ ನೆಂಟರಿಗೆ ಅವರ ದಾರಿಯಲ್ಲೇ ಉತ್ತರ ಇದೆ. ಅಮಾವಾಸ್ಯೆಗೆ ವೇದದಲ್ಲೇ ಇಬ್ಬರು ದೇವತೆಯರಿದ್ದಾರೆ: ಸಿನೀವಾಲಿ ಮತ್ತು ಕುಹೂ. ಚತುರ್ದಶಿ ಸೇರಿದ ಅಮಾವಾಸ್ಯೆ ಸಿನೀವಾಲಿ, ಚಂದ್ರ ಪೂರ್ತಿ ಮರೆಯಾದ ಅಮಾವಾಸ್ಯೆ ಕುಹೂ. ಋಗ್ವೇದದ ಎರಡನೇ ಮಂಡಲದಲ್ಲಿ ಸಿನೀವಾಲಿಯನ್ನು ಬೇಡೋದು ಏನು ಗೊತ್ತಾ? ಸಂತಾನ ಕೊಡು ಅಂತ. ಮಕ್ಕಳನ್ನು ಕೊಡುವ ತಾಯಿಯ ದಿನವೇ ಮಗು ಬಂದಿದೆ. ಇದರಲ್ಲಿ ಕೆಟ್ಟದ್ದು ಎಲ್ಲಿಂದ ಬಂತು?

ಭೀಮನ ಅಮಾವಾಸ್ಯೆ ಅಂದರೆ ಜ್ಯೋತಿರ್ಭೀಮೇಶ್ವರ ವ್ರತ. ಜೋಡಿ ದೀಪದ ಕಂಬ ಇಟ್ಟು ಪೂಜೆ ಮಾಡುವ ದಿನ. ನನ್ನನ್ನು ಕೇಳಿದರೆ ಆ ಮಗುವಿಗೆ ದೀಪಾ ಅಂತಲೇ ಕರೆಯಬಹುದಿತ್ತು.

ನೇರಮಾತು:
ಋಗ್ವೇದದ ವಿಷಯ ಗೊತ್ತಿರಲಿಲ್ಲ, ಚೆನ್ನಾಗಿದೆ. ಆದರೂ ನಾನು ಹೇಳಿದ್ದು ಬದಲಾಗಲ್ಲ. ದೇವತೆ ಇದ್ದರೂ ಇಲ್ಲದಿದ್ದರೂ ಮಗು ಒಳ್ಳೆಯದೇ.

ಗಂಟೆಪಂಚಾಂಗ:
ಅದಕ್ಕೆ ನನ್ನದೂ ಒಪ್ಪಿಗೆ ಇದೆ.

ಬೀದರಬಿಸಿಲು:
ನಮ್ಮ ಕಡೆ ಬಂದು ಅಮಾವಾಸ್ಯೆ ಕೆಟ್ಟದ್ದು ಅಂದರೆ ಯಾರೂ ಒಪ್ಪಲ್ಲ. ವರ್ಷಕ್ಕೆ ಒಮ್ಮೆ ಊರಿಗೆ ಊರೇ ಹೊಲಕ್ಕೆ ಹೋಗೋದು ಎಳ್ಳಮಾವಾಸ್ಯೆಗೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ಮೊದಲು ಹೊಲಕ್ಕೆ ಚರಗ ಚೆಲ್ಲಿ, ಆಮೇಲೆ ನಾವು ಊಟ. ಭೂಮಿತಾಯಿಗೆ ಉಣಿಸುವ ದಿನ ಅದು. ಅದಕ್ಕೂ ಮೊದಲು ಮುಂಗಾರಿನಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ಮಕ್ಕಳೆಲ್ಲ ಮಣ್ಣಿನ ಎತ್ತು ಮಾಡಿ ಪೂಜೆ ಮಾಡ್ತಾರೆ.

ಹುಣ್ಣಿಮೆಗೂ ನಮ್ಮಲ್ಲಿ ಒಂದೊಂದಕ್ಕೆ ಒಂದೊಂದು ಹೆಸರು. ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರಹುಣ್ಣಿಮೆ, ಕಡ್ಲೆಗಡಬಿನ ಹುಣ್ಣಿಮೆ, ನೂಲ ಹುಣ್ಣಿಮೆ, ಅನಂತನ ಹುಣ್ಣಿಮೆ, ಶೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ. ನಮ್ಮ ಅಜ್ಜಿ ತಾರೀಕು ಹೇಳಿದ್ದು ನಾನು ಕೇಳೇ ಇಲ್ಲ. "ನೀ ಹುಟ್ಟಿದ್ದು ಕಾರಹುಣ್ಣಿಮೆ ಆಗಿ ಮೂರು ದಿನಕ್ಕ" ಅಂತಿದ್ದಳು.

ಮಲೆನಾಡಮಳೆ:
ನಿಮ್ಮ ಶೀಗಿ ಹುಣ್ಣಿಮೆ ನಮ್ಮ ಭೂಮಿ ಹುಣ್ಣಿಮೆ. ಗದ್ದೆಗೆ ಚರು ಬೀರೋದು ಅವತ್ತು. ನೀವು ಅಮಾವಾಸ್ಯೆಗೆ ಮಾಡೋದನ್ನ ನಾವು ಹುಣ್ಣಿಮೆಗೆ ಮಾಡ್ತೀವಿ.

ಚಾಮರಾಜನಗರದವ:
ನಮಗೆ ಅಮಾವಾಸ್ಯೆ ಅಂದರೆ ಬೆಟ್ಟ. ಮಲೆ ಮಹದೇಶ್ವರ ಬೆಟ್ಟಕ್ಕೆ ಅಮಾವಾಸ್ಯೆಗೆ ಬರುವ ಜನ ನೋಡಿದರೆ ಸಾಕು. ಹೆಚ್ಚುವರಿ ಬಸ್ ಬಿಟ್ಟರೂ ನಿಲ್ಲೋಕೆ ಜಾಗ ಇರಲ್ಲ. ತಮಿಳುನಾಡಿನವರಂತೂ ಅಮಾವಾಸ್ಯೆ ದಿನ ಹೊಸ ಕೆಲಸ ಶುರು ಮಾಡ್ತಾರೆ. ಗಡಿ ದಾಟಿದ ಕೂಡಲೇ ಕೆಟ್ಟ ದಿನ ಒಳ್ಳೆ ದಿನ ಆಗಿಬಿಡುತ್ತೆ ಅಂದರೆ, ದೋಷ ದಿನದಲ್ಲಿ ಇಲ್ಲ ಅಂತ ಆಯ್ತಲ್ಲ.

ಉಪ್ಪುನೀರು:
ಕಡಲ ಕಡೆಯವರಿಗೆ ಅಮಾವಾಸ್ಯೆ, ಹುಣ್ಣಿಮೆ ಎರಡೂ ಒಂದೇ ತೂಕ. ಸೂರ್ಯ, ಚಂದ್ರ ಒಂದೇ ಗೆರೆಯಲ್ಲಿ ನಿಂತು ಎಳೆಯೋದರಿಂದ ಆ ದಿನಗಳಲ್ಲಿ ನೀರು ಜಾಸ್ತಿ ಏರುತ್ತೆ, ಜಾಸ್ತಿ ಇಳಿಯುತ್ತೆ. ಅಷ್ಟಮಿ ಆಸುಪಾಸು ಏರಿಳಿತ ಕಡಿಮೆ. ನಮ್ಮಜ್ಜಿ ಮರುವಾಯಿ ಹೆಕ್ಕೋಕೆ ಅಳಿವೆಗೆ ಹೋಗುತ್ತಿದ್ದದ್ದು ಅಮಾವಾಸ್ಯೆ ಕಳೆದ ಒಂದೆರಡು ದಿನದಲ್ಲಿ. ನೀರು ತುಂಬಾ ಹಿಂದೆ ಸರಿದಿರುತ್ತಿತ್ತು. ಸೀರೆ ಎತ್ತಿ ಕಟ್ಟಿ, ಮೊಣಕಾಲವರೆಗಿನ ಕೆಸರಲ್ಲಿ ನಿಂತು, ಕಾಲ ಬೆರಳಲ್ಲೇ ಮುಟ್ಟಿ ನೋಡಿ ಚಿಪ್ಪು ಎತ್ತುತ್ತಿದ್ದರು. ಬುಟ್ಟಿ ತುಂಬುವ ದಿನ ಅದು. ಕೆಟ್ಟ ದಿನ ಅಂತ ಅವರ ಬಾಯಲ್ಲಿ ಬರಲೇ ಇಲ್ಲ.

ಹೆರಿಗೆವಾರ್ಡ್:
ನಾನು ನರ್ಸ್. ಹುಣ್ಣಿಮೆ, ಅಮಾವಾಸ್ಯೆ ರಾತ್ರಿ ಹೆರಿಗೆ ಜಾಸ್ತಿ ಅಂತ ನಮ್ಮಲ್ಲಿ ಎಲ್ಲರೂ ಹೇಳ್ತಾರೆ. ನನಗೂ ಹಾಗೇ ಅನಿಸಿದೆ.

ಸೀಮೆಸುಣ್ಣ:
ಸಿಸ್ಟರ್, ಅನಿಸೋದು ಸಹಜ. ಹುಣ್ಣಿಮೆ ರಾತ್ರಿ ಕೆಲಸ ಜಾಸ್ತಿ ಆದರೆ ನೆನಪಿರುತ್ತೆ, ಸುಮ್ನೆ ಇದ್ದ ಹುಣ್ಣಿಮೆ ಮರೆತುಹೋಗುತ್ತೆ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ 1997ರಿಂದ 2001ರವರೆಗಿನ 5,64,039 ಹೆರಿಗೆಗಳನ್ನು ಲೆಕ್ಕ ಹಾಕಿ ನೋಡಿದ್ದರು. ಚಂದ್ರನ ಏರಿಳಿತಕ್ಕೂ ಹೆರಿಗೆ ಸಂಖ್ಯೆಗೂ ಸಂಬಂಧ ಕಾಣಲಿಲ್ಲ.

ನಿದ್ದೆ ವಿಷಯದಲ್ಲಿ ಮಾತ್ರ ಸ್ವಲ್ಪ ಇದೆ. 2021ರಲ್ಲಿ ಅರ್ಜೆಂಟೀನಾದ ಬುಡಕಟ್ಟು ಜನರಲ್ಲಿ, ಅಮೆರಿಕದ ಸಿಯಾಟಲ್ ವಿದ್ಯಾರ್ಥಿಗಳಲ್ಲಿ ನೋಡಿದಾಗ, ಹುಣ್ಣಿಮೆಗೆ ಮುಂಚಿನ ಕೆಲವು ರಾತ್ರಿ ಜನ ತಡವಾಗಿ ಮಲಗ್ತಾರೆ, ಕಡಿಮೆ ನಿದ್ದೆ ಮಾಡ್ತಾರೆ ಅಂತ ಕಂಡಿತು. ಆ ದಿನಗಳಲ್ಲಿ ಸಂಜೆಯಿಂದಲೇ ಬೆಳದಿಂಗಳು ಇರುತ್ತಲ್ಲ.

ಹೆರಿಗೆವಾರ್ಡ್:
ಸರಿ ಸರ್. ಒಂದು ವರ್ಷ ರಿಜಿಸ್ಟರ್ ನೋಡಿ ನಾನೇ ಎಣಿಸ್ತೀನಿ.

ಕಾಫಿಪುಡಿ:
ಬೆಳದಿಂಗಳು ಅಂದ ಕೂಡಲೇ ಅಮ್ಮನ ಕೈತುತ್ತು ನೆನಪಾಯ್ತು. ಹುಣ್ಣಿಮೆಗೆ ತಾರಸಿ ಮೇಲೆ ಮಕ್ಕಳೆಲ್ಲ ಸುತ್ತ ಕೂರ್ತಿದ್ದೆವು. ದೊಡ್ಡ ಪಾತ್ರೆಯಲ್ಲಿ ಮೊದಲು ಹುಳಿಯನ್ನ, ಆಮೇಲೆ ಮೊಸರನ್ನ. ಕೊನೇ ತುತ್ತಿನಲ್ಲಿ ಉಪ್ಪಿನಕಾಯಿ ಯಾರಿಗೆ ಅಂತ ಜಗಳ.

ದಕ್ಷಿಣದಿಕ್ಕು:
ನಾನು ಮೆಲ್ಬರ್ನ್‌ನಲ್ಲಿದ್ದೇನೆ. ಮೇಷ್ಟ್ರು ಹೇಳಿದ "ಬಲಗಡೆ ಬೆಳಕು" ಇಲ್ಲಿ ಉಲ್ಟಾ. ಶುಕ್ಲ ಪಕ್ಷದ ಅಷ್ಟಮಿಗೆ ಎಡ ಅರ್ಧ ಬೆಳಗುತ್ತೆ. ಚಂದ್ರನ ಮೊಲ ಕೂಡ ತಲೆಕೆಳಗೆ. ಬಂದ ಹೊಸದರಲ್ಲಿ ನನ್ನ ಅತ್ತೆ ಬಾಲ್ಕನಿಯಲ್ಲಿ ನಿಂತು "ಇದು ನಮ್ಮ ಚಂದ್ರ ಅಲ್ಲ" ಅಂದಿದ್ದರು. ಊರು ಬಿಟ್ಟ ಸಂಕಟ ಅವರಿಗೆ ಅವತ್ತೇ ಜಾಸ್ತಿ ಆಗಿದ್ದು.

ಸೀಮೆಸುಣ್ಣ:
ಇದು ಒಳ್ಳೆಯ ಮಾತು. ನಾವು ಭೂಮಧ್ಯರೇಖೆಗೆ ಹತ್ತಿರ, ಹಾಗಾಗಿ ಯುಗಾದಿ ಹೊತ್ತಿಗೆ ನಮ್ಮ ಸಂಜೆ ಚಂದ್ರ ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ದೋಣಿಯ ಹಾಗೆ ಅಂಗಾತ ಮಲಗಿರ್ತಾನೆ. ಹಳ್ಳಿಗಳಲ್ಲಿ ಯುಗಾದಿ ಚಂದ್ರನ ಯಾವ ಕೋಡು ಮೇಲಿದೆ ಅಂತ ನೋಡಿ ಮಳೆ, ಬೆಳೆ ಹೇಳೋದು ಇದರಿಂದಲೇ ಬಂದಿದ್ದು. ಮಳೆ ಹೇಳೋದು ನನಗೆ ಒಪ್ಪಿಗೆ ಇಲ್ಲ. ಆದರೆ ಅಷ್ಟು ಸೂಕ್ಷ್ಮವಾಗಿ ನೋಡ್ತಿದ್ದರಲ್ಲ, ಅದು ದೊಡ್ಡದು.

ಕೆಂಪುಟೋಪಿ:
ನಮ್ಮ ಮನೆಯಲ್ಲಿ ಅದೇ ಚಂದ್ರನಿಗೆ ಕಾಯ್ತಿದ್ದೆವು. ಮೂರು ವರ್ಷದಿಂದ, 2024, 2025, ಈ ವರ್ಷ, ಯುಗಾದಿ ಚಂದ್ರ ಮತ್ತು ರಂಜಾನ್ ಹಬ್ಬದ ಚಂದ್ರ ಒಂದೇ. ಪಕ್ಕದ ಮನೆಯವರು ಅವರ ತಾರಸಿಯಲ್ಲಿ, ನಾವು ನಮ್ಮ ತಾರಸಿಯಲ್ಲಿ. ಮೊದಲು ಕಂಡವರು ಕೂಗಿ ಹೇಳೋದು. ಮುಂದಿನ ವರ್ಷ ಬೇರೆ ಆಗುತ್ತಂತೆ, ಹೌದಾ?

ಗಂಟೆಪಂಚಾಂಗ:
ಹೌದು ಭಾಯ್. 12 ಚಾಂದ್ರಮಾಸ ಸೇರಿದರೆ 354 ದಿನ. ಸೌರ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ನಿಮ್ಮ ಲೆಕ್ಕದಲ್ಲಿ ಹಾಗೇ ಬಿಡ್ತೀರಿ, ಹಬ್ಬ ವರ್ಷಾವರ್ಷ ಹಿಂದೆ ಬರುತ್ತೆ. ನಾವು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಸರಿ ಮಾಡ್ತೀವಿ. ಈ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅದರಿಂದ ಮುಂದಿನ ಯುಗಾದಿ 7 ಏಪ್ರಿಲ್ 2027ಕ್ಕೆ ಹೋಗುತ್ತೆ. ನಿಮ್ಮ ಹಬ್ಬ ಅದಕ್ಕಿಂತ ಸುಮಾರು ಒಂದು ತಿಂಗಳು ಮುಂಚೆ.

ಅಕ್ಕ, ನಿಮ್ಮ ಮಗಳಿಗೂ ಇದರಲ್ಲಿ ಒಂದು ಸಿಹಿ ಸುದ್ದಿ ಇದೆ. ಹೋದ ವರ್ಷ ಭೀಮನ ಅಮಾವಾಸ್ಯೆ ಜುಲೈ 24ಕ್ಕೇ ಬಂದಿತ್ತು. ಅಧಿಕ ಮಾಸದಿಂದ ಈ ವರ್ಷ ಅದು ಆಗಸ್ಟ್ 12, ಬುಧವಾರ. ಅಂದರೆ ತಾರೀಕಿನ ಹುಟ್ಟುಹಬ್ಬ ಮಂಗಳವಾರ, ತಿಥಿಯ ಹುಟ್ಟುಹಬ್ಬ ಮಾರನೇ ದಿನ. ಎರಡು ದಿನ ಪಾಯಸ ಮಾಡಿ.

ಸೀಮೆಸುಣ್ಣ:
ಆಗಸ್ಟ್ 12ರ ಅಮಾವಾಸ್ಯೆಗೆ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಸ್ಪೇನ್‌ನಲ್ಲಿ ಪೂರ್ಣ ಸೂರ್ಯಗ್ರಹಣ. ನಮ್ಮಲ್ಲಿ ಕಾಣಲ್ಲ, ಆಗ ನಮಗೆ ರಾತ್ರಿ. ಮತ್ತೆ 19 ವರ್ಷಕ್ಕೊಮ್ಮೆ ತಾರೀಕು, ತಿಥಿ ಹೆಚ್ಚುಕಡಿಮೆ ಸೇರುತ್ತೆ. ಅವಳ 19ನೇ ಹುಟ್ಟುಹಬ್ಬ, 11 ಆಗಸ್ಟ್ 2037, ಅಮಾವಾಸ್ಯೆಯೇ.

ಬೇವಿನಮರ:
ತಿಥಿಗೆ ಅರ್ಥ ಇದೆಯಾ ಅಂತ ಕೇಳಿದ್ದೀರಿ. ನನ್ನದು ಹೇಳ್ತೀನಿ.

ಅಪ್ಪ ತೀರಿಕೊಂಡಿದ್ದು ಕಾರ್ತಿಕ ಬಹುಳ ಪಂಚಮಿ. ರಾತ್ರಿ ಹತ್ತರ ಮೇಲೆ. ಆಸ್ಪತ್ರೆಯ ಕಾರಿಡಾರಿನ ಕೊನೆಯಲ್ಲಿ ಒಂದು ಕಿಟಕಿ, ಹೊರಗೆ ಬೇವಿನ ಮರ. ಅದರ ಹಿಂದಿನಿಂದ ಒಂದು ಕಡೆ ಸವೆದ ಚಂದ್ರ ಮೇಲೆ ಬಂದ. ಡಾಕ್ಟರ್ ಬಂದು ಹೇಳುವಾಗ ನಾನು ಅದನ್ನೇ ನೋಡ್ತಿದ್ದೆ.

ತಾರೀಕು ಕ್ಯಾಲೆಂಡರಿನಲ್ಲಿರುವ ಅಂಕಿ. ಆ ದಿನ ಆಫೀಸಿಗೆ ಹೋಗ್ತೀನಿ, ಬರ್ತೀನಿ. ತಿಥಿ ಬೇರೆ. ಆ ರಾತ್ರಿ ಹತ್ತರ ಮೇಲೆ ಹೊರಗೆ ಬಂದರೆ ಅದೇ ಹೊತ್ತಿಗೆ, ಅದೇ ಕಡೆ ಸವೆದ ಚಂದ್ರ ಬಂದಿರ್ತಾನೆ. ಯಾರೂ ನೆನಪಿಸಬೇಕಾಗಿಲ್ಲ. ನನ್ನ ಭವಿಷ್ಯ ಅದರಲ್ಲಿ ಇದೆ ಅಂತ ನಾನು ನಂಬಲ್ಲ. ಅಪ್ಪ ಇದ್ದಾರೆ ಅಂತ ಅನಿಸುತ್ತೆ, ಅಷ್ಟೇ.

ಹಸಿರುಬಸ್ಸು:
ಕಣ್ಣು ತುಂಬಿ ಬಂತು ಅಣ್ಣ.

ನೇರಮಾತು:
ಬೇವಿನಮರ ಅವರೇ, ಇದನ್ನು ನಾನು ಪೂರ್ತಿ ಒಪ್ತೀನಿ. ಹೆದರಿಸುವ ತಿಥಿ ಬೇಡ, ನೆನಪಿನ ತಿಥಿ ಇರಲಿ.

ಮಲೆನಾಡಮಳೆ:
ಮಧ್ಯೆ ಒಂದು ಪ್ರಶ್ನೆ. ಸಂಕಷ್ಟಿಗೆ ಚಂದ್ರೋದಯ ಯಾಕೆ ಯಾವಾಗಲೂ ಅಷ್ಟು ತಡ? ಹೊಟ್ಟೆ ಹಸಿದು ಕಾಯೋದು ಕಷ್ಟ.

ಸೀಮೆಸುಣ್ಣ:
ಹುಣ್ಣಿಮೆಗೆ ಚಂದ್ರ ಹುಟ್ಟೋದು ಸೂರ್ಯ ಮುಳುಗುವ ಹೊತ್ತಿಗೆ. ಆಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡ. ಚೌತಿ ಹೊತ್ತಿಗೆ ಒಂಬತ್ತರ ಆಸುಪಾಸು ಆಗೇ ಆಗುತ್ತೆ. ಬಹುಳ ಅಷ್ಟಮಿಗೆ ಮಧ್ಯರಾತ್ರಿ. ಕೃಷ್ಣ ಹುಟ್ಟಿದ ರಾತ್ರಿ ಚಂದ್ರ ಬಂದಿದ್ದೂ ಆ ಹೊತ್ತಿಗೇ.

ತಾರಸಿಮನೆ:
ಎಲ್ಲರಿಗೂ ಮತ್ತೆ ನಮಸ್ಕಾರ. ತಡವಾಗಿ ಬರೀತಿದ್ದೀನಿ, ಇಷ್ಟು ದಿನ ನಾವಿಬ್ಬರೂ ಚಂದ್ರನ ಹಿಂದೆಯೇ ಬಿದ್ದಿದ್ದೆವು.

ಕಿತ್ತಳೆ ಪ್ರಯೋಗ ಮಾಡಿದೆವು. ಮೂರು ಸುತ್ತು ತಿರುಗಿದಳು. ಬಲ್ಬಿನ ಎದುರು ನಿಂತು, "ಅಮ್ಮ, ಇಲ್ಲೇ ಇದೆ, ಕಪ್ಪಗೆ ಇದೆ" ಅಂದಳು. ಆಮೇಲೆ ಹಣ್ಣು ಬಿಡಿಸಿ ತಿಂದೆವು. ಅವತ್ತಿನಿಂದ ಅಡುಗೆಮನೆ ಕ್ಯಾಲೆಂಡರಿನಲ್ಲಿ ದಿನಾ ಚಂದ್ರನ ಚಿತ್ರ ಬರೀತಿದ್ದಾಳೆ. ಹುಣ್ಣಿಮೆ ಕಳೆದ ಮೇಲೆ ಬೆಳಗ್ಗೆ ಹಾಲು ತರೋಕೆ ಹೋದಾಗ ಪಶ್ಚಿಮದಲ್ಲಿ ಬೆಳ್ಳಗೆ ಕಂಡಾಗಲಂತೂ ಕುಣಿದೇ ಬಿಟ್ಟಳು.

ಬುಧವಾರ ಅವಳೇ ನನ್ನನ್ನು ಎಬ್ಬಿಸಿದಳು. ಬೆಳಗಿನ ಜಾವ ಐದೂಕಾಲು. ಎದುರು ಮನೆಯ ಸೋಲಾರ್ ಪೈಪಿನ ಮೇಲೆ ಸಣ್ಣ ಗೆರೆ. ಯುಗಾದಿ ಚಂದ್ರನಷ್ಟೇ ಸಣ್ಣದು, ಆದರೆ ಪೂರ್ವದಲ್ಲಿ. ಇವತ್ತು ಶುಕ್ರವಾರ, ಅಮಾವಾಸ್ಯೆ. ಸೂರ್ಯ ಬರುವ ಹೊತ್ತಿಗೆ ತಾರಸಿಗೆ ಹೋದೆವು. ನೇರ ನೋಡಬಾರದು ಅಂತ ಹೇಳಿದ್ದೆ, ಕಣ್ಣು ಮುಚ್ಚಿಕೊಂಡೇ ನಿಂತಿದ್ದಳು. ಮುಖಕ್ಕೆ ಬಿಸಿಲು ತಾಗಿದ ಕೂಡಲೇ, "ಇಬ್ಬರೂ ಬಂದರು" ಅಂದಳು.

ಆ ನೆಂಟರು ಹೋದ ವಾರ ಬಂದಿದ್ದರು. ಎಂದಿನ ಮಾತು ಶುರು ಮಾಡಿದರು. ನಾನು ಬಾಯಿ ತೆಗೆಯುವ ಮೊದಲೇ ಅವಳು ಒಳಗೆ ಹೋಗಿ ಕಿತ್ತಳೆ ತಂದಳು. ಅವರನ್ನು ಬಲ್ಬಿನ ಎದುರು ನಿಲ್ಲಿಸಿ ತಿರುಗಿಸಿದಳು. ಅವರೂ ತಿರುಗಿದರು. ಸಿನೀವಾಲಿ ವಿಷಯ ನಾನು ಹೇಳಿದೆ. ಏನೂ ಅನ್ನಲಿಲ್ಲ, ಹೋಗುವಾಗ ಅವಳ ತಲೆ ಸವರಿ ಹೋದರು.

ಸೀಮೆಸುಣ್ಣ:
ಭಾನುವಾರ ಸಂಜೆ ಏಳಕ್ಕೆ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿ ಮೇಡಂ. ಸಣ್ಣ ಚಂದ್ರನ ಹತ್ತಿರ ಶುಕ್ರ ಇರ್ತಾನೆ. ಯುಗಾದಿಗೆ ನೀವು ನೋಡಿದ ಚುಕ್ಕಿ ಅದೇ. ಚಂದ್ರನ ಬೆಳಗದ ಭಾಗವೂ ಮಸುಕಾಗಿ ಕಾಣುತ್ತೆ. ಅದು ಭೂಮಿಯಿಂದ ಹೋದ ಬೆಳಕು ಅಂತ ಅವಳಿಗೆ ಹೇಳಿ. ಮುಂದಿನ ಪ್ರಶ್ನೆ ಬಂದರೆ ಇಲ್ಲಿ ಬರೆಯಿರಿ.